ಸ್ಕ್ಯಾನ್ ಆದ ಮೇಲೆ ಕಡತದ ಗತಿ ಏನು? ರಾಯಚೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಂದಾಯ ದಾಖಲೆಗಳು ಸ್ಕ್ಯಾನ್ ಆಗುತ್ತಿವೆ. ನಾನು ಜಮೀನಿನ ವ್ಯಾಜ್ಯಗಳನ್ನು ನಡೆಸುವ ವಕೀಲ. ಗೆದ್ದಲು ಹಿಡಿದ ಪುಟಗಳ ಮುಂದೆ ಕಕ್ಷಿದಾರರು ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ಕಂಡವನು. ಹಾಗಾಗಿ ಈ ಕೆಲಸ ನನಗೆ ತುಂಬ ಸಂತೋಷ ತಂದಿದೆ. ಆದರೆ ಈ ಚಿತ್ರಗಳನ್ನು 2060ರಲ್ಲಿ ಯಾರು, ಎಲ್ಲಿಂದ, ಹೇಗೆ ಹುಡುಕಿ ತೆಗೆಯುತ್ತಾರೆ? ಅದನ್ನು ತೀರ್ಮಾನಿಸಬೇಕಾದ ಕಾಲ ಇದೇ. ಕಂದಾಯಕ್ಕಷ್ಟೇ ಅಲ್ಲ, ನೀರಾವರಿ, ಪಂಚಾಯಿತಿ, ನಗರಾಡಳಿತ ಎಲ್ಲಕ್ಕೂ ಸೇರಿ ಜಿಲ್ಲೆಗೆ ದೀರ್ಘಾವಧಿಯ ಒಂದು ದಾಖಲೆ ನಿರ್ವಹಣಾ ಯೋಜನೆ ಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯ ಕಾಗದಗಳ ಪಾಡು ಬೇರೆ. 1948ರವರೆಗೆ ನಿಜಾಮರ ಆಳ್ವಿಕೆ, 1956ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು ರಾಜ್ಯ. ಹಳೆಯ ದಾಖಲೆಗಳು ಉರ್ದುವಿನಲ್ಲಿವೆ. 1954-55ರ ಖಾಸ್ರಾ ಪಹಣಿಗೆ (ಯಾವ ಜಮೀನು ಯಾರದು, ಉಳುವವರು ಯಾರು ಎಂದು ಬರೆದಿಟ್ಟ ದಾಖಲೆ) ವ್ಯಾಜ್ಯಗಳಲ್ಲಿ ಇಂದಿಗೂ ತೂಕವಿದೆ, ಅದನ್ನು ಸರಾಗವಾಗಿ ಓದಬಲ್ಲವರು ಮಾತ್ರ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಅದಕ್ಕೂ ಹಿಂದಿನ ಒಂದು ಕಡತಕ್ಕಾಗಿ ಎರಡೂ ಊರಿಗೆ ಅಲೆಯುವ ರೈತರು ಈಗಲೂ ಇದ್ದಾರೆ. ಮಸ್ಕಿ, ಸಿರವಾರ ತಾಲ್ಲೂಕುಗಳಾದ ಮೇಲೆ ಅಲೆದಾಟಕ್ಕೆ ಇನ್ನೆರಡು ಬಾಗಿಲು ಸೇರಿದವು. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯ ಎಂಬ ಪ್ರಮಾಣಪತ್ರ ಪಡೆಯಲು ಹೊರಟ ಹುಡುಗಿಗೂ ಕೊನೆಗೆ ಬೇಕಾಗುವುದು ಅಪ್ಪನ ಕಾಲದ ಒಂದು ಕಾಗದವೇ.

ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಕಾಗದ ಕೈಗೆ ಸಿಗುವುದಿಲ್ಲ. ಹೆಸರು ಹೇಳಲಿಚ್ಛಿಸದ ಒಂದು ಕಚೇರಿಯಿಂದ ನನ್ನ ಕಕ್ಷಿದಾರರೊಬ್ಬರಿಗೆ ಮುಟೇಷನ್ (ಜಮೀನಿನ ಹಕ್ಕು ಬದಲಾವಣೆ) ಕಡತದ ಸಿ.ಡಿ. ಸಿಕ್ಕಿತು. ಒಳಗೆ ಬರೀ ಅಂಕಿಗಳ ಹೆಸರಿನ ಚಿತ್ರಗಳು. ಸರ್ವೆ ನಂಬರ್ ಇಲ್ಲ, ಗ್ರಾಮದ ಹೆಸರಿಲ್ಲ, ವರ್ಷವಿಲ್ಲ. ಒಂದು ಪುಟದ ಎಡ ಅಂಚು ಕತ್ತರಿಸಿ ಹೋಗಿತ್ತು, ಅಧಿಕಾರಿಯ ಷರಾ ಮತ್ತು ಕಿರುಸಹಿ ಇರಬೇಕಾದದ್ದು ಅಲ್ಲಿಯೇ. ಜೊತೆಗಿದ್ದ ಪತ್ರವೊಂದನ್ನು ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕನ್ನಡ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೂ ಇಲ್ಲ. ನೂರು ವರ್ಷದ ಉರ್ದು ಕಾಗದವನ್ನು ಬಲ್ಲವರು ಓದುತ್ತಾರೆ, ಇಪ್ಪತ್ತು ವರ್ಷದ ನಮ್ಮದೇ ಕನ್ನಡ ಕಡತವನ್ನು ಓದಲಾಗುವುದಿಲ್ಲ ಎಂದರೆ ಎಂಥ ದುರ್ದೈವ! ಇಂಥ ಕಡತಗಳು ಯಾವ ಯಾವ ಕಚೇರಿಯ ಕಂಪ್ಯೂಟರಿನಲ್ಲಿ ಉಳಿದಿವೆ ಎಂದು ಪಟ್ಟಿ ಮಾಡಿಸಿ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುವ ಯುನಿಕೋಡ್‌ಗೆ ಬದಲಿಸಿಡುವುದು ಎಲ್ಲಕ್ಕಿಂತ ಮೊದಲು ಆಗಬೇಕು.

ಕಾಗದದ ಕಾಲದಲ್ಲಿ ಒಂದು ಶಿಸ್ತಿತ್ತು. ಕಡತ ಮುಕ್ತಾಯವಾದಾಗ ವಿಷಯ ನಿರ್ವಾಹಕರು ಅದಕ್ಕೆ ವರ್ಗ ಹಾಕಿ ಅಭಿಲೇಖಾಲಯಕ್ಕೆ (ರೆಕಾರ್ಡ್ ರೂಮಿಗೆ) ಕಳಿಸುತ್ತಿದ್ದರು. ಎ ವರ್ಗವೆಂದರೆ ಶಾಶ್ವತ, ಉಳಿದವಕ್ಕೆ ಇಂತಿಷ್ಟು ವರ್ಷ ಎಂಬ ಮುದ್ದತು. ಕಂಪ್ಯೂಟರಿನಲ್ಲೇ ಸಾಗುವ ಇ-ಆಫೀಸ್ ಕಡತಕ್ಕೂ, ಇ-ಮೇಲ್‌ಗೂ, ವಾಟ್ಸ್ಆ್ಯಪ್ ಗುಂಪಿನಲ್ಲಿ ಹೊರಡುವ ಸೂಚನೆಗೂ ಅದೇ ಶಿಸ್ತು ಬೇಕು. ಏನನ್ನು ಉಳಿಸಬೇಕು, ಏನನ್ನು ಯಾವಾಗ ಯಾರ ಅನುಮತಿಯಿಂದ ಅಳಿಸಬೇಕು ಎಂದು ಗೊತ್ತುಮಾಡದೆ ತಂತ್ರಾಂಶ ಕೊಂಡರೆ ಅದೊಂದು ದುಬಾರಿ ಗೋದಾಮು ಆಗುತ್ತದೆ, ಅಷ್ಟೇ.

ಕಾನೂನು ಕೂಡ ಇದನ್ನೇ ಕೇಳುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಕಲಂ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ ಇಡಬೇಕೆಂದು 2005ರಿಂದಲೇ ಹೇಳುತ್ತಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ಕೊಡುವ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಿಂದಲೇ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಗುರುತನ್ನು, ನಮೂದಿಸಬೇಕು. ಕಡತದ ಒಂದು ಅಕ್ಷರ ಬದಲಾದರೂ ಆ ಮೌಲ್ಯ ಬದಲಾಗುತ್ತದೆ. ಸ್ಕ್ಯಾನ್ ಆದ ದಿನವೇ ಅದನ್ನು ದಾಖಲಿಸಿಟ್ಟರೆ ನಾಳೆ ಯಾರೂ ತಿದ್ದಿಲ್ಲವೆಂದು ನ್ಯಾಯಾಲಯಕ್ಕೆ ತೋರಿಸಬಹುದು.

ಟೆಂಡರ್ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು. ತಂತ್ರಾಂಶದ ಗುತ್ತಿಗೆ ನಾಲ್ಕೈದು ವರ್ಷದ್ದು, ದಾಖಲೆ ಶಾಶ್ವತ. ಗುತ್ತಿಗೆ ಮುಗಿದ ದಿನ ಎಲ್ಲ ಕಡತಗಳೂ ಅವುಗಳ ಸೂಚಿ, ದಿನಾಂಕ, ಸಹಿ ವಿವರಗಳ ಸಮೇತ ಪಿಡಿಎಫ್/ಎ ಥರದ, ಯಾವುದೇ ಒಂದು ಕಂಪನಿಯ ತಂತ್ರಾಂಶಕ್ಕೆ ಕಟ್ಟುಬೀಳದ ಮುಕ್ತ ನಮೂನೆಯಲ್ಲಿ ಜಿಲ್ಲಾಡಳಿತದ ಕೈಗೆ ಬರಬೇಕು. ಬೇರೊಂದು ತಂತ್ರಾಂಶದಲ್ಲಿ ಅವನ್ನು ತೆರೆದು ತೋರಿಸಿದ ಮೇಲೆಯೇ ಕೊನೆಯ ಬಿಲ್ಲು ಪಾವತಿಯಾಗಬೇಕು. ಪ್ರತಿಗಳು ಒಂದೇ ಕಟ್ಟಡದಲ್ಲಿರುವುದು ಬೇಡ. 2009ರ ನೆರೆಯನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ಬಂದಾಗ ಕೈಬರಹದ ಪಹಣಿಗೆ ಇನ್ನು ಮಾನ್ಯತೆ ಇಲ್ಲ ಎಂದು ಸರ್ಕಾರ ಖಡಾಖಂಡಿತವಾಗಿ ಹೇಳಿದ್ದರಿಂದಲೇ ಅದು ನೆಲೆಯೂರಿತು. ಅಂಥದೇ ಗಟ್ಟಿ ನಿರ್ಧಾರ ಇಲ್ಲಿಯೂ ಬೇಕು. ಹಣಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನು ಕೇಳಬಹುದು. ರಸ್ತೆ, ಕಟ್ಟಡಗಳಷ್ಟೇ ಇದೂ ಅಭಿವೃದ್ಧಿಯೇ.

ಪ್ರತಿ ಇಲಾಖೆಗೂ ದಾಖಲೆಯ ಹೊಣೆ ಹೊತ್ತ ಒಬ್ಬ ಅಧಿಕಾರಿಯನ್ನು ನೇಮಿಸಿ. ಒಂದು ತಾಲ್ಲೂಕಿನಲ್ಲಿ ಮೊದಲು ನಡೆಸಿ ನೋಡಿ, ಸಿಂಧನೂರಾಗಲಿ ದೇವದುರ್ಗವಾಗಲಿ. ಟೆಂಡರ್ ಕರೆಯುವ ಮುನ್ನ ಅಭಿಲೇಖಾಲಯದ ಸಿಬ್ಬಂದಿ, ವಕೀಲರು, ರೈತರನ್ನು ಕೂರಿಸಿಕೊಂಡು ಒಂದು ಸಭೆ ನಡೆಸಿ. ಹಳೆಯ ಉರ್ದು ದಾಖಲೆ ಓದಬಲ್ಲ ನಿವೃತ್ತ ನೌಕರರು ಕೆಲವರು ನನಗೆ ಪರಿಚಯ. ಅವರನ್ನು ಆ ಸಭೆಗೆ ಕರೆತರುವ ಹೊಣೆ ನನ್ನದು.

ಇಂತಿ ತಮ್ಮ ವಿಶ್ವಾಸಿ,
ರಾಯಚೂರಿನ ಒಬ್ಬ ವಕೀಲ