ಬಾವಿಗೆ ಬಲೆ ಹಾಕಿಸಿ, ಕತ್ತಲಾಗುವ ಮುಂಚೆ ಬೆಕ್ಕನ್ನು ಒಳಗೆ ಕರೆಯಿರಿ

ಮಾನ್ಯ ಸಂಪಾದಕರೇ,

ನಮ್ಮ ಮಲೆನಾಡಿನಲ್ಲಿ ಬೆಕ್ಕಿಲ್ಲದ ಮನೆ ಹುಡುಕುವುದು ಕಷ್ಟ. ಅಡಿಕೆ, ಭತ್ತ, ಹುಲ್ಲು ಇದ್ದಲ್ಲಿ ಇಲಿ ಬರುತ್ತದೆ, ಇಲಿ ಇದ್ದಲ್ಲಿ ಬೆಕ್ಕು ಬೇಕು. ನಾಯಿಗೆ ಸರಪಳಿ ಇದೆ, ದನಕ್ಕೆ ಕೊಟ್ಟಿಗೆ ಇದೆ, ಕೋಳಿಗೆ ಗೂಡು ಇದೆ. ಬೆಕ್ಕಿಗೆ ಮಾತ್ರ ‘ಅದರ ಪಾಡಿಗೆ ಅದು ಇರುತ್ತೆ ಬಿಡಿ’ ಅನ್ನುವ ಒಂದು ಮಾತು. ನಾನೂ ಹಾಗೇ ಅಂದುಕೊಂಡಿದ್ದೆ. ಈ ಮಳೆಗಾಲದಲ್ಲಿ ನಮ್ಮ ಚುಕ್ಕಿ ಬಾವಿಗೆ ಬಿದ್ದಳು. ಅದಕ್ಕೇ ಈ ಪತ್ರ.

ಚುಕ್ಕಿ ಒಂದೂವರೆ ವರ್ಷದ ಹೆಣ್ಣು ಬೆಕ್ಕು. ಹೊಸ ಚೀಲ ಬಂದರೆ ಒಳಗೆ ಹೋಗಿ ನೋಡಬೇಕು, ಅಟ್ಟದ ಮೇಲೆ ಸದ್ದಾದರೆ ಹತ್ತಬೇಕು, ಅಂಗಳದಲ್ಲಿ ಕಪ್ಪೆ ಹಾರಿದರೆ ಹಿಂದೆಯೇ ಓಡಬೇಕು. ಅವತ್ತು ಸಂಜೆಯೂ ಕಪ್ಪೆಯ ಹಿಂದೆಯೇ ಬಾವಿಕಟ್ಟೆ ಹತ್ತಿದ್ದು. ಕಟ್ಟೆ ಪಾಚಿಗಟ್ಟಿ ಜಾರುತ್ತಿತ್ತು. ನಾವು ಓಡಿ ಬಂದು ಬಗ್ಗಿ ನೋಡುವಷ್ಟರಲ್ಲಿ ಅವಳು ಈಜುತ್ತಾ ಜಂಬಿಟ್ಟಿಗೆ ಕಲ್ಲಿನ ಒಂದು ಸಣ್ಣ ಅಂಚನ್ನು ಮುಂಗಾಲಲ್ಲಿ ಹಿಡಿದುಕೊಂಡು ಕೂಗುತ್ತಿದ್ದಳು. ಬೆಕ್ಕು ಈಜುತ್ತದೆ ನಿಜ, ಆದರೆ ನೇರ ಗೋಡೆ ಹತ್ತಲು ಆಗುವುದಿಲ್ಲ. ಕೈಕಾಲು ಸೋತ ಮೇಲೆ ಮುಳುಗುತ್ತದೆ ಅಷ್ಟೇ.

ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿದೆವು. ಅವಳು ಅದರ ಹತ್ತಿರವೂ ಬರಲಿಲ್ಲ. ನಾವೆಲ್ಲ ಮೇಲಿಂದ ಕೂಗುತ್ತಿದ್ದೆವು, ಟಾರ್ಚ್ ಬೆಳಕನ್ನು ನೇರ ಅವಳ ಮುಖಕ್ಕೇ ಬಿಡುತ್ತಿದ್ದೆವು, ಅದಕ್ಕೇ ಇನ್ನಷ್ಟು ಹೆದರಿದ್ದಳು ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ನಮ್ಮ ಅತ್ತೆ ಎಲ್ಲರನ್ನೂ ಸುಮ್ಮನಿರಿಸಿ, ಹಳೇ ಗೋಣಿಚೀಲ ಒಂದನ್ನು ಹಗ್ಗಕ್ಕೆ ಉದ್ದಕ್ಕೆ ಕಟ್ಟಿಸಿ, ಅದರ ತುದಿ ನೀರಿಗೆ ತಾಗುವ ಹಾಗೆ ಗೋಡೆ ಪಕ್ಕದಲ್ಲೇ ಇಳಿಬಿಟ್ಟರು. ಗೋಣಿಗೆ ಉಗುರು ಕಚ್ಚಿಕೊಂಡಿತು. ನಿಧಾನ ಮೇಲೆಳೆದೆವು. ಯಾರೂ ಬಾವಿಗೆ ಇಳಿಯಲು ಹೋಗಬೇಡಿ, ಮಳೆಗಾಲದ ಬಾವಿಗಂತೂ ಬೇಡವೇ ಬೇಡ. ಈ ಗೋಣಿ ಹಗ್ಗ ಇದ್ದರೆ ಸಾಕು. ನಮ್ಮ ಬಾವಿ ಪಕ್ಕದಲ್ಲಿ ಈಗ ಅದು ಯಾವಾಗಲೂ ನೇತಾಡುತ್ತಿರುತ್ತದೆ.

ಮೇಲೆ ಬಂದ ಚುಕ್ಕಿ ಗಡಗಡ ನಡುಗುತ್ತಿದ್ದಳು. ಜ್ವರ ಬರಬಹುದು ಅಂತ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೊಡಲು ಹೊರಟಿದ್ದೆ. ಪುಣ್ಯಕ್ಕೆ ಮೊದಲು ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಗಾಬರಿಯಿಂದ ಬೇಡ ಬೇಡ ಅಂದರು. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲವಂತೆ. ಅರ್ಧ ಮಾತ್ರೆಯೂ ಜೀವ ತೆಗೆಯಬಹುದು. ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಮಕ್ಕಳಿಗೆ ಕೊಡುವ ಮಾತ್ರೆ ತಾನೇ ಅಂತ ಬೆಕ್ಕಿಗೆ ಕೊಡುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ದಯವಿಟ್ಟು ಕೊಡಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಬೆಚ್ಚಗೆ ಸುತ್ತಿಟ್ಟು, ವೈದ್ಯರಿಗೆ ತೋರಿಸಿ.

ಮಾರನೇ ವಾರವೇ ಬಾವಿಗೆ ಕಬ್ಬಿಣದ ಚೌಕಟ್ಟು ಮಾಡಿಸಿ ಬಲೆ ಹಾಕಿಸಿದೆವು. ಕೊಡ ಇಳಿಸುವ ಕಡೆ ಮಾತ್ರ ಒಂದು ಸಣ್ಣ ಬಾಗಿಲು. ಸುಮಾರು 3 ಸಾವಿರ ಖರ್ಚಾಯಿತು. ಬೆಕ್ಕಿಗೆ ಅಷ್ಟೊಂದಾ ಅಂತ ಕೇಳಿದವರಿದ್ದಾರೆ. ಅಂಗಳದಲ್ಲಿ ಆಡುವ ಮಕ್ಕಳಿಗೂ ಅದೇ ಬಲೆ ತಾನೇ ಕಾವಲು?

ಬಾವಿ ಆಯಿತು. ಅದಕ್ಕಿಂತ ಜಾಸ್ತಿ ಹೇಳಬೇಕಾದ್ದು ರಾತ್ರಿಯ ಬಗ್ಗೆ. ನಮ್ಮೂರಲ್ಲಿ ಬೆಕ್ಕು ಕಾಣೆಯಾಯಿತು ಅಂದರೆ ಹೆಚ್ಚಾಗಿ ರಾತ್ರಿಯೇ. ಚಿರತೆ ಓಡಾಡುವುದು ಆಗ. ಕಾಡುಹಂದಿಗೆ ಅಂತ ಬೇಲಿಯಲ್ಲಿ ಉರುಳು ಇಡುವವರು ಇದ್ದಾರೆ, ವನ್ಯಜೀವಿಗಳಿಗೆ ಉರುಳು ಒಡ್ಡುವುದು 1972ರ ಕಾಯ್ದೆ ಪ್ರಕಾರ ಅಪರಾಧ, ಆದರೂ ಇಡುತ್ತಾರೆ, ಅದಕ್ಕೆ ಹಂದಿಯ ಬದಲು ಮನೆ ಬೆಕ್ಕು ಸಿಕ್ಕಿ ನರಳಿ ಸತ್ತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಕೊಳಕುಮಂಡಲ ಹಾವು ಹೊರಬರುವುದೂ ಕತ್ತಲಾದ ಮೇಲೆ. ಹಾವನ್ನು ಕಂಡರೆ ಬೆಕ್ಕು ಓಡಿಹೋಗುವುದಿಲ್ಲ, ಏನದು ಅಂತ ಕಾಲು ಚಾಚುತ್ತದೆ. ಕಚ್ಚಿಸಿಕೊಳ್ಳುವುದು ಕಾಲಿಗೆ, ಇಲ್ಲ ಮುಖಕ್ಕೆ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಸೊಪ್ಪು ಅರೆದು ಹಚ್ಚುವುದು ಯಾವುದೂ ಬೇಡ, ನೇರ ಪಶು ಆಸ್ಪತ್ರೆಗೆ ಓಡಿ. ಮನೆ ಹಿಂದಿನ ಸೌದೆ ರಾಶಿ, ದರಕಿನ (ಒಣ ಎಲೆಯ) ರಾಶಿ, ಅಡಿಕೆ ಸಿಪ್ಪೆ ರಾಶಿಯಲ್ಲಿ ಹಾವು ಅಡಗುತ್ತದೆ, ಅವನ್ನು ಗೋಡೆಯಿಂದ ದೂರ ಇಡಿ.

ಹಾಗಂತ ನಮ್ಮ ಹೆಂಚಿನ ಮನೆಯಲ್ಲಿ ಬೆಕ್ಕನ್ನು ಇಡೀ ದಿನ ಕೂಡಿಹಾಕಲು ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ದಿನಾ ಒಂದೇ ಜಾಗದಲ್ಲಿ, ಒಂದೇ ಪಾತ್ರೆಯಲ್ಲಿ, ಒಂದೇ ಕೂಗು ಹಾಕಿ ಊಟ ಕೊಟ್ಟು ನೋಡಿ. ಹದಿನೈದು ದಿನದಲ್ಲಿ ಅದೇ ಬಂದು ಬಾಗಿಲಲ್ಲಿ ಕೂರುತ್ತದೆ. ಒಳಗೆ ಬಂದ ಮೇಲೆ ಬಾಗಿಲು ಹಾಕಿ, ಅದರ ಮಲಮೂತ್ರಕ್ಕೆ ಒಂದು ಮೂಲೆಯಲ್ಲಿ ಮಣ್ಣು ತುಂಬಿದ ಹಳೇ ಬಾಣಲೆ ಇಡಿ, ಮುಗಿಯಿತು. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯುವುದಿಲ್ಲ ಅಂತ ಊಟ ಹಾಕದವರು ಇದ್ದಾರಲ್ಲ, ಅದು ಸುಳ್ಳು. ಬೇಟೆ ಅದರ ಹುಟ್ಟುಗುಣ. ಚುಕ್ಕಿ ಮೀನು ಅನ್ನ ತಿಂದ ಮೇಲೂ ಅಟ್ಟದ ಇಲಿ ಹಿಡಿಯುತ್ತಾಳೆ.

ಮರಿ ಆಗದಂತೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬ ಆಗಬಹುದು. ಗಂಡಾದರೆ ಹೆಣ್ಣಿನ ವಾಸನೆ ಹಿಡಿದು ರಸ್ತೆ, ತೋಟ ದಾಟಿ ಎಲ್ಲೋ ಹೋಗಿ, ಬೇರೆ ಮಾಳಬೆಕ್ಕಿನ ಹತ್ತಿರ ಕಚ್ಚಿಸಿಕೊಂಡು ಕೀವು ತುಂಬಿಕೊಂಡು ಬರುತ್ತದೆ. ಆಪರೇಷನ್ ಆದ ಮೇಲೆ ಅಲೆದಾಟ ತುಂಬಾ ಕಡಿಮೆಯಾಗುತ್ತದೆ.

ವಿಷದ ವಿಚಾರಕ್ಕೆ ಬಂದರೆ, ಬೆಕ್ಕು ಇರುವ ಮನೆಯಲ್ಲಿ ಇಲಿ ಪಾಷಾಣ ಇಡಲೇಬಾರದು, ಪಕ್ಕದ ಮನೆಯವರಿಗೂ ಕೈಮುಗಿದು ಹೇಳಿ, ಯಾಕೆಂದರೆ ವಿಷ ತಿಂದು ತೂರಾಡುವ ಇಲಿಯೇ ಬೆಕ್ಕಿಗೆ ಸುಲಭವಾಗಿ ಸಿಗುವುದು. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ, ಅಂದರೆ ಬೋರ್ಡೋ ದ್ರಾವಣ, ಹೊಡೆದ ದಿನ ನಾವು ಚುಕ್ಕಿಯನ್ನು ಹೊರಗೆ ಬಿಡುವುದಿಲ್ಲ. ಅದರಲ್ಲಿ ಮೈಲುತುತ್ತ ಇದೆ, ಕಾಲಿಗೆ ಮೈಗೆ ಹತ್ತಿದ್ದನ್ನೆಲ್ಲ ಬೆಕ್ಕು ನೆಕ್ಕಿಕೊಳ್ಳುತ್ತದೆ ಅಲ್ವಾ. ನಾಯಿಗೆ ಹಾಕುವ ಉಣ್ಣೆಹುಳದ ಔಷಧಿಯನ್ನೂ ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ಫಿಟ್ಸ್ ಬಂದು ಸಾಯಬಹುದು. ಇನ್ನು ಚಳಿ, ಮಳೆಯ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಬಡಿಯಿರಿ. ಬಿಸಿ ಇಂಜಿನ್ ಮೇಲೆ ಮರಿಗಳು ಮಲಗಿರುತ್ತವೆ.

ನಗರದವರಿಗೂ ಒಂದು ಮಾತು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಅಂತ ಬಾಲ್ಕನಿ ತೆರೆದಿಡಬೇಡಿ. ಕಾಲೂರಿ ಬಿದ್ದರೂ ದವಡೆ ಒಡೆಯುತ್ತದೆ, ಎದೆಗೆ ಪೆಟ್ಟಾಗುತ್ತದೆ. ನ್ಯೂಯಾರ್ಕಿನಲ್ಲಿ ಹೀಗೆ ಮಹಡಿಯಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಬಗ್ಗೆ ಪಶುವೈದ್ಯರು 1987ರಲ್ಲೇ ಬರೆದಿದ್ದಾರೆ. ಚಿಕಿತ್ಸೆ ಸಿಕ್ಕಿದ ಹೆಚ್ಚಿನವು ಉಳಿದವು, ಆದರೆ ಅದು ಚಿಕಿತ್ಸೆ ಸಿಕ್ಕಿದವುಗಳ ಲೆಕ್ಕ. ಬೆಂಗಳೂರಿನ ನಾಲ್ಕನೇ ಮಹಡಿಯಲ್ಲಿರುವ ನನ್ನ ತಂಗಿ ಬೆಕ್ಕು ತರುವ ಮುಂಚೆಯೇ ಬಾಲ್ಕನಿಗೆ ಗಟ್ಟಿ ಬಲೆ ಹಾಕಿಸಿದಳು. ಅದೇ ಸರಿ.

ಕೊನೆಗೆ ಪಶುಪಾಲನಾ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ವಿನಂತಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುತ್ತೀರಿ, ತುಂಬಾ ಒಳ್ಳೆಯ ಕೆಲಸ. ಆದರೆ ನಮ್ಮೂರಿಗೆ ಬಂದ ಕರಪತ್ರದಲ್ಲಿ ಬರೀ ನಾಯಿಯ ಚಿತ್ರ ಇತ್ತು, ಹಾಗಾಗಿ ಬೆಕ್ಕನ್ನು ಯಾರೂ ತರಲಿಲ್ಲ. ಹುಚ್ಚುನಾಯಿ ಕಚ್ಚಿದರೆ ಬೆಕ್ಕಿಗೂ ರೇಬೀಸ್ ಬರುತ್ತದೆ, ಆ ಬೆಕ್ಕು ಮಕ್ಕಳನ್ನು ಕಚ್ಚಿದರೆ ಮಕ್ಕಳಿಗೂ ಬರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಹೆಚ್ಚು ಕಡಿಮೆ ಅಸಾಧ್ಯ. ಮೂರು ತಿಂಗಳಾದ ಬೆಕ್ಕಿಗೆ ಈ ಲಸಿಕೆ ಹಾಕಿಸಬಹುದು. ಮುಂದಿನ ಸಲ ಕರಪತ್ರದಲ್ಲಿ ನಾಯಿಯ ಪಕ್ಕ ಒಂದು ಬೆಕ್ಕಿನ ಚಿತ್ರವನ್ನೂ ಹಾಕಿಸಿ, ‘ಬೆಕ್ಕನ್ನು ಚೀಲದಲ್ಲಿ ಬೇಡ, ಗಾಳಿಯಾಡುವ ಬುಟ್ಟಿಯಲ್ಲಿ ತನ್ನಿ’ ಅಂತ ಒಂದು ಸಾಲು ಸೇರಿಸಿ. ನಮ್ಮ ಕೇರಿಯ ಎಂಟು ಮನೆಗಳ ಬೆಕ್ಕುಗಳನ್ನು ಕರೆತರುವ ಜವಾಬ್ದಾರಿ ನನ್ನದು.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಓದುಗಿ