ಅತಿ ಕಡಿಮೆ ಪ್ರೀಮಿಯಂ ಅಂದ್ರೆ ಏನನ್ನ ಕಿತ್ತು ಹಾಕಿದ್ದಾರೆ?

ಸಂಪಾದಕರಿಗೆ ನಮಸ್ಕಾರ,

ಕಾಫಿ ಕುಯ್ಲು ಮುಗಿದು ಕೈಗೆ ಒಂಚೂರು ದುಡ್ಡು ಬಂದ್ಮೇಲೆ ನಮ್ಮ ಕೊಡಗು ಜಿಲ್ಲೇಲಿ ಫಾರಿನ್‌ಗೆ ಹೊರಡೋರು ಜಾಸ್ತಿ ಆಗ್ತಾರೆ, ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗೋ ಅಪ್ಪ ಅಮ್ಮಂದಿರು, ದುಬೈ ಸಿಂಗಾಪುರ ಪ್ಯಾಕೇಜಿನವರು, ಎಲ್ಲಾ. ಇವರಿಗೆಲ್ಲ ಟಿಕೆಟ್ ಜೊತೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿಕೊಡ್ತೀವಿ ಅನ್ನೋ ಜಾಹೀರಾತು ನಿಮ್ಮ ಪೇಪರಲ್ಲೂ ಬರ್ತಿರುತ್ತೆ. 'ಅತಿ ಕಡಿಮೆ ಪ್ರೀಮಿಯಂ' ಅಂತ ದಪ್ಪಕ್ಷರ. ಹೇಗೆ ಕಡಿಮೆ ಆಯ್ತು ಅಂತ ಅವರು ಹೇಳಲ್ಲ, ನಾವೂ ಕೇಳಲ್ಲ.

ಮೊನ್ನೆ ಪಕ್ಕದ ಮನೆಯವರ ಜೊತೆ ಒಬ್ಬ ಏಜೆಂಟರ ಆಫೀಸಲ್ಲಿ ಕೂತಿದ್ದೆ, ಗಂಡ ಹೆಂಡ್ತಿ ಇಬ್ರೂ ಅರವತ್ತು ದಾಟಿದವರು, ಮಗಳ ಹತ್ರ ಹೊರಟಿದ್ದಾರೆ. ಕಂಪ್ಯೂಟರ್ ಮುಂದಿದ್ದ ಹುಡುಗ ಹುಟ್ಟಿದ ತಾರೀಕು, ಹೋಗೋ ದಿನ, ಬರೋ ದಿನ ಎಲ್ಲ ಹಾಕಿ, 'ಅಮೆರಿಕ ಕೆನಡಾ ಬಿಟ್ಟು' ಅಂತಿದ್ದಿದ್ದನ್ನ 'ಅಮೆರಿಕ ಕೆನಡಾ ಸೇರಿ' ಅಂತ ಒತ್ತಿದ್ದೇ ತಡ, ರೇಟು ಸರ್ರನೆ ಮೇಲೆ ಹೋಯ್ತು. ಯಜಮಾನ್ರಿಗೆ ಸಿಟ್ಟು ಬಂತು. ಆದ್ರೆ ಅದರಲ್ಲಿ ಮೋಸ ಏನಿಲ್ಲ, ಅಲ್ಲಿ ಒಂದು ರಾತ್ರಿ ಅಡ್ಮಿಟ್ ಆದ್ರೂ ಬಿಲ್ಲು ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ ಆಗುತ್ತೆ, ಅದಕ್ಕೇ ಕಂಪ್ನಿಗಳು ಆ ಎರಡು ದೇಶಕ್ಕೆ ರೇಟೇ ಬೇರೆ ಇಟ್ಟಿರೋದು. ವಯಸ್ಸು ಜಾಸ್ತಿ ಆದಷ್ಟೂ, ಉಳ್ಕೊಳ್ಳೋ ದಿನ ಜಾಸ್ತಿ ಆದಷ್ಟೂ ಪ್ರೀಮಿಯಂ ಏರೋದೂ ಸಹಜನೇ.

ನನ್ನ ತಕರಾರು ಆಮೇಲೆ ನಡೆದಿದ್ದರ ಬಗ್ಗೆ. ರೇಟ್ ಇಳಿಸ್ತೀನಿ ಅಂತ ಆ ಹುಡುಗ ಎರಡೂವರೆ ಲಕ್ಷ ಡಾಲರ್ ಇದ್ದ ಕವರನ್ನ, ಅಂದ್ರೆ ಕಂಪ್ನಿ ಹೆಚ್ಚಂದ್ರೆ ಕೊಡೋ ಮೊತ್ತಾನ, ಐವತ್ತು ಸಾವಿರಕ್ಕೆ ತಂದ, ಕೇಳಲೂ ಇಲ್ಲ. ಇನ್ನು ಬಿಪಿ ಶುಗರ್ ಇದ್ಯಾ ಅಂತ ಕೇಳೋ ಕಾಲಂ ಬಂದಾಗ 'ಇಲ್ಲ ಅಂತ ಹಾಕ್ತೀನಿ ಅಂಕಲ್, ಇದೆ ಅಂದ್ರೆ ಸುಮ್ನೆ ರೇಟ್ ಜಾಸ್ತಿ ಆಗುತ್ತೆ' ಅಂದ! ದಿನಾ ಬೆಳಿಗ್ಗೆ ಮಾತ್ರೆ ನುಂಗೋ ಮನುಷ್ಯ, ನಾಳೆ ಅಲ್ಲಿ ಎದೆನೋವು ಅಂತ ಸೇರಿದ್ರೆ ಡಾಕ್ಟ್ರು ಮೊದ್ಲು ಕೇಳೋದೇ ಎಷ್ಟು ವರ್ಷದಿಂದ ಬಿಪಿ ಅಂತ, ಅದು ಕೇಸ್ ಶೀಟಲ್ಲಿ ಬರುತ್ತೆ, ಕ್ಲೇಮ್ ಅಲ್ಲೇ ರಿಜೆಕ್ಟ್. ಆಗ ಈ ಹುಡುಗನ ಫೋನ್ ನಾಟ್ ರೀಚಬಲ್. ಮೊದಲೇ ಇರೋ ಕಾಯಿಲೆಗೆ ಎಷ್ಟೋ ಪ್ಲಾನಲ್ಲಿ ಕವರೇ ಇರಲ್ಲ, ಇದ್ರೂ ಜೀವಕ್ಕೆ ಅಪಾಯ ಆದಾಗ ಮಾತ್ರ, ಅದೂ ಇಷ್ಟೇ ಅಂತ ಮಿತಿ, ಪೂರ್ತಿ ಬೇಕಂದ್ರೆ ಜಾಸ್ತಿ ಕಟ್ಬೇಕು. ವಯಸ್ಸಾದವರ ಪಾಲಿಸೀಲಿ ಸಬ್ ಲಿಮಿಟ್ ಅಂತ ಇನ್ನೊಂದಿರುತ್ತೆ, ರೂಮಿಗೆ ದಿನಕ್ಕೆ ಇಷ್ಟು, ಆಪರೇಷನ್‌ಗೆ ಇಷ್ಟು ಅಂತ, ಅಂದ್ರೆ ಮೇಲೆ ಎಷ್ಟೇ ದೊಡ್ಡ ಮೊತ್ತ ಬರೆದಿದ್ರೂ ಸಿಗೋದು ಆ ಮಿತಿಯಷ್ಟೇ. ಸಬ್ ಲಿಮಿಟ್ ಇಲ್ಲದ ಪ್ಲಾನ್ ದುಬಾರಿ, ಆದ್ರೆ ಅಮೆರಿಕಕ್ಕೆ ಹೋಗೋ ಹಿರಿಯರು ಅದಕ್ಕೇ ದುಡ್ಡು ಹಾಕೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ದುಡ್ಡು ಉಳಿಸಲೇಬೇಕಂದ್ರೆ ಡಿಡಕ್ಟಬಲ್ ಜಾಸ್ತಿ ಮಾಡ್ಕೊಳ್ಳಿ, ಮೊದಲ ಇಷ್ಟು ಡಾಲರ್ ನಾವೇ ಕಟ್ಕೋತೀವಿ ಅಂತ ಒಪ್ಕೊಂಡ್ರೆ ಪ್ರೀಮಿಯಂ ಇಳಿಯುತ್ತೆ, ಲಗೇಜ್ ಕವರ್ ಬಿಡಿ, ಸೂಟ್‌ಕೇಸ್ ಹೋದ್ರೆ ಹೋಗ್ಲಿ.

ಯುರೋಪಿಗೆ ಹೋಗೋರಿಗೆ ಇನ್ನೊಂದು ಥರ. ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಕ್ಕೆ ಸೇರಿ ಕೊಡೋ ಒಂದೇ ವೀಸಾ) ಕನಿಷ್ಠ 30,000 ಯೂರೋ ಮೆಡಿಕಲ್ ಕವರ್ ಬೇಕು ಅಂತ ರೂಲ್ ಇದೆ, ಏಜೆಂಟರು ಸರಿಯಾಗಿ ಅಷ್ಟಕ್ಕೇ ಮಾಡ್ಸಿ ಕೈತೊಳ್ಕೋತಾರೆ. ವೀಸಾ ಏನೋ ಸಿಗುತ್ತೆ, ಆದ್ರೆ ಅಲ್ಲಿ ದೊಡ್ಡ ಕಾಯಿಲೆ ಬಂದ್ರೆ ಅಷ್ಟು ಸಾಲುತ್ತಾ ಅಂತ ಯಾರೂ ಯೋಚಿಸಲ್ಲ.

ಕೆಲವರು ರೈಲ್ವೆ ಟಿಕೆಟ್ ಬುಕ್ ಮಾಡೋವಾಗ 45 ಪೈಸೆಗೆ 10 ಲಕ್ಷದ ಇನ್ಶೂರೆನ್ಸ್ ಕೊಡ್ತಾರಲ್ಲ, ಇದಕ್ಯಾಕೆ ಸಾವಿರಗಟ್ಟಲೆ ಅಂತ ವಾದ ಮಾಡ್ತಾರೆ (ಕೊಡಗಲ್ಲಿ ರೈಲೇ ಇಲ್ಲ, ಮೈಸೂರಿಗೆ ಹೋಗಿ ಹತ್ಬೇಕು, ಅದು ಬೇರೆ ಮಾತು). ಅದು ರೈಲು ಅಪಘಾತದಂಥದ್ದು ಆದ್ರೆ ಮಾತ್ರ, ಜ್ವರಕ್ಕೆ ಹೊಟ್ಟೆನೋವಿಗೆ ಅಲ್ಲ.

ಮಳೆಗಾಲದಲ್ಲಿ ಹೊರಡೋರು ಇನ್ನೊಂದು ವಿಷ್ಯ ನೋಡ್ಕೊಳ್ಳಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಮಡಿಕೇರಿ ಮಂಗಳೂರು ರೋಡ್ ಏನಾಯ್ತು ಅಂತ ಎಲ್ಲರಿಗೂ ಗೊತ್ತು, ಕಣ್ಣೂರು ಏರ್‌ಪೋರ್ಟಿಗೆ ಮಾಕುಟ್ಟ ಘಾಟಿ ಇಳಿಯೋರಿಗೂ ಅದೇ ಭಯ. ಫ್ಲೈಟ್ ಲೇಟ್ ಆದ್ರೆ ದುಡ್ಡು ಕೊಡ್ತೀವಿ ಅಂತ ಪಾಲಿಸೀಲಿ ಇರುತ್ತೆ, ಗುಡ್ಡ ಕುಸಿದು ನಾವೇ ಲೇಟಾಗಿ ಫ್ಲೈಟ್ ತಪ್ಪಿದ್ರೆ? ಅದಕ್ಕೆ ಬೇರೆ ಷರತ್ತು ಬೇಕು, ಬೇಸಿಕ್ ಪ್ಲಾನಲ್ಲಿ ಇದೆ ಅಂತ ನಂಬ್ಕೊಂಡು ಹೋಗ್ಬೇಡಿ. ಟ್ರೆಕಿಂಗ್, ರಾಫ್ಟಿಂಗ್ ಥರದ್ದಕ್ಕೂ ಎಷ್ಟೋ ಕಡೆ ಎಕ್ಸ್‌ಟ್ರಾ ಕಟ್ಬೇಕು. ಹಾಕಿ ಟೂರ್ನಮೆಂಟಿಗೆ ಹೋಗೋ ನಮ್ಮ ಹುಡುಗರು ಪ್ರೊಫೆಷನಲ್ ಸ್ಪೋರ್ಟ್ಸ್ ಕವರ್ ಇದ್ಯಾ ಅಂತ ಮೊದಲೇ ಕೇಳಿಕೊಳ್ಳಿ.

ಹೆಲ್ತ್ ಪಾಲಿಸಿಗೆ 2024ರ ಜನವರಿ 1ರಿಂದ ಸರಳವಾದ ಮಾಹಿತಿ ಹಾಳೆ ಕೊಡ್ಬೇಕು, ಕೇಳಿದ್ರೆ ನಮ್ಮ ಭಾಷೇಲೇ ಕೊಡ್ಬೇಕು ಅಂತ ಇನ್ಶೂರೆನ್ಸ್ ಕಂಪ್ನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಹೇಳಿದೆ. ನಮ್ಮ ಏಜೆಂಟರೂ ಟ್ರಾವೆಲ್ ಪಾಲಿಸಿಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ರೆ ಅವರ ಗಂಟೇನೂ ಹೋಗಲ್ಲ, ಕವರ್ ಎಷ್ಟು, ಸಬ್ ಲಿಮಿಟ್ ಇದ್ಯಾ, ಬಿಪಿ ಶುಗರ್ ಸೇರಿದ್ಯಾ ಅಂತ. ನೀವೂ ಜಾಹೀರಾತು ತಗೊಳ್ಳೋವಾಗ 'ಅತಿ ಕಡಿಮೆ' ಪಕ್ಕದಲ್ಲಿ ಕವರ್ ಮೊತ್ತನೂ ಹಾಕ್ಲಿ ಅಂತ ಹೇಳಿ ಸಂಪಾದಕರೇ.

ಇತಿ,
ನಿಮ್ಮ ಓದುಗ, ಗೋಣಿಕೊಪ್ಪ