ಮ್ಯೂಸಿಯಂ ಬಾಗಿಲಿಗೆ ರ‍್ಯಾಂಪ್ ಕಟ್ಟಿದರೆ ಸಾಲದು

ಮಾನ್ಯ ಸಂಪಾದಕರೇ,

ವಸ್ತುಸಂಗ್ರಹಾಲಯಗಳನ್ನು ಅಂಗವಿಕಲರಿಗೆ ಅನುಕೂಲವಾಗುವಂತೆ ಮಾರ್ಪಡಿಸುವ ಮಾತು ಈಗ ಹೆಚ್ಚಾಗಿ ಕೇಳಿಬರುತ್ತಿದೆ. ಸಂತೋಷದ ವಿಷಯ. ಆದರೆ ಕೆಲಸ ಬಹುತೇಕ ಮುಂಬಾಗಿಲ ರ‍್ಯಾಂಪ್‌ಗೇ ನಿಂತುಬಿಡುತ್ತದೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ವಸ್ತುಸಂಗ್ರಹಾಲಯಗಳನ್ನು ಹೆಸರಿಸಿಯೇ ಪ್ರಸ್ತಾಪಿಸುತ್ತದೆ. ಅದು ಹೇಳುವುದು ಸಾಂಸ್ಕೃತಿಕ ಬದುಕಿನಲ್ಲಿ ಪಾಲುಗೊಳ್ಳುವ ಹಕ್ಕಿನ ಬಗ್ಗೆ. ಕಟ್ಟಡದೊಳಗೆ ಕಾಲಿಟ್ಟ ಮಾತ್ರಕ್ಕೆ ಆ ಹಕ್ಕು ಸಿಕ್ಕಂತಾಗುವುದಿಲ್ಲ.

ಆ ರ‍್ಯಾಂಪ್ ಕೂಡ ಎಷ್ಟೋ ಕಡೆ ತಪ್ಪಾಗಿರುತ್ತದೆ. ಒಂದು ಅಡಿ ಏರಿಕೆಗೆ ಕನಿಷ್ಠ 12 ಅಡಿ ಉದ್ದ ಬೇಕು. ಮೂರು ಮೆಟ್ಟಿಲಿನ, ಅಂದರೆ ಸುಮಾರು 45 ಸೆಂ.ಮೀ. ಎತ್ತರಕ್ಕೆ 5.4 ಮೀಟರ್. ಜಾಗವಿಲ್ಲವೆಂದು ಅದನ್ನು 3 ಮೀಟರಿಗೆ ಮುಗಿಸಿದರೆ ಹತ್ತುವಾಗ ಗಾಲಿಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಿದೆ, ಇಳಿಯುವಾಗ ಹಿಡಿತಕ್ಕೆ ಸಿಗದು. ಮೇಲ್ತುದಿಯಲ್ಲಿ ಒಂದೂವರೆ ಮೀಟರ್ ಸಮತಟ್ಟು ಬಿಡದೆ ಬಾಗಿಲಿಟ್ಟರೆ, ಒಂದು ಕೈಯಲ್ಲಿ ಚಕ್ರ ತಡೆದು ಇನ್ನೊಂದು ಕೈಯಲ್ಲಿ ಬಾಗಿಲು ಎಳೆಯಬೇಕಾಗುತ್ತದೆ.

ನಿಜವಾದ ಸೋಲು ಇರುವುದು ಗಾಜಿನ ಪೆಟ್ಟಿಗೆಗಳ ಬಳಿ. ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನ ಎತ್ತರ ನೆಲದಿಂದ ಸುಮಾರು 110ರಿಂದ 120 ಸೆಂ.ಮೀ. ಪೆಟ್ಟಿಗೆಯ ತಳವೇ 110 ಸೆಂ.ಮೀ.ನಲ್ಲಿದ್ದು, ಅದರಲ್ಲಿ ನಾಣ್ಯಗಳನ್ನು ಮಲಗಿಸಿಟ್ಟರೆ ಅವರಿಗೆ ಕಾಣುವುದು ನಾಣ್ಯದ ಅಂಚಷ್ಟೇ. ತಳ 90 ಸೆಂ.ಮೀ. ಮೀರಬಾರದು, ಸಣ್ಣ ವಸ್ತುಗಳನ್ನು ನೋಡುಗರ ಕಡೆಗೆ ಓರೆಯಾಗಿ ಇಡಬೇಕು. ಮೇಜಿನಂಥ ಪೆಟ್ಟಿಗೆಯ ಕೆಳಗೆ ಮೊಣಕಾಲು ತೂರುವಂತೆ 70 ಸೆಂ.ಮೀ. ಎತ್ತರ ಖಾಲಿ ಬಿಡಬೇಕು. ನಿಂತವರ ಕಣ್ಣಿಗೆ ಬೀಳದಂತೆ ಹೊಂದಿಸಿದ ದೀಪ ಕುಳಿತವರ ಕಣ್ಣಿಗೆ ನೇರವಾಗಿ ಹೊಡೆಯುವುದೂ ಉಂಟು. ಗಾಜು ಕೂರಿಸುವ ಮೊದಲು ವಿನ್ಯಾಸಕಾರರು ಒಂದು ಕುರ್ಚಿ ಎಳೆದು ಕುಳಿತು ನೋಡಿದರೆ ಇಷ್ಟೂ ಗೊತ್ತಾಗುತ್ತದೆ. ಯಾಕೆ ಮಾಡುವುದಿಲ್ಲವೋ!

ಬೆಳಕಿನ ವಿಷಯ ಸ್ವಲ್ಪ ಕಠಿಣ. ಬಟ್ಟೆ, ಹಳೆಯ ಕಾಗದಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಕೊಡುವುದಿಲ್ಲ, ಬಣ್ಣ ಮಾಸುತ್ತದೆ. ಮಂದದೃಷ್ಟಿಯವರಿಗೆ ಅದು ಕತ್ತಲೆಯೇ. ಹಾಗೆಂದು ವಸ್ತುವನ್ನು ಬಲಿಕೊಡಬೇಕಿಲ್ಲ. ವಿವರಣಾ ಫಲಕಕ್ಕೆ ಬೇರೆ ದೀಪ ಕೊಡಿ. ಹೊಳೆಯದ ಹಲಗೆಯ ಮೇಲೆ ಗಾಢ ಬಣ್ಣದ ದಪ್ಪ ಅಕ್ಷರ ಹಾಕಿ. ಕೈಯಲ್ಲಿ ಹಿಡಿದು ಓದುವ ದೊಡ್ಡಕ್ಷರದ ಪ್ರತಿಯನ್ನು ಕೊಠಡಿಯ ಬಾಗಿಲಲ್ಲೇ ಇಡಿ.

ಬ್ರೈಲ್ ಫಲಕಗಳನ್ನು ಹಾಕಿದ ಕಡೆಯೂ ಎಡವಟ್ಟುಗಳಿವೆ. ಬ್ರೈಲ್ ಚುಕ್ಕಿ ಸುಮಾರು ಅರ್ಧ ಮಿ.ಮೀ. ಉಬ್ಬಿರಬೇಕು. ಸ್ಟಿಕರ್ ಮೇಲೆ ಶಾಯಿಯಲ್ಲಿ ಅಚ್ಚಾದ ಚುಕ್ಕಿ ಬೆರಳಿಗೆ ತಿಳಿಯುವುದೇ ಇಲ್ಲ. ಗೋಡೆಯ ಮೇಲೆ ಮುಖದ ಎತ್ತರಕ್ಕೆ ನೆಟ್ಟರೆ ಎರಡು ಸಾಲು ಓದುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ಸೊಂಟದ ಎತ್ತರದಲ್ಲಿ, ಓರೆ ಹಲಗೆಯ ಮೇಲೆ, ಎಲ್ಲ ಕೊಠಡಿಗಳಲ್ಲೂ ಒಂದೇ ಜಾಗದಲ್ಲಿರಬೇಕು. ಇಲ್ಲದಿದ್ದರೆ ಫಲಕವನ್ನು ಹುಡುಕುವುದೇ ಕೆಲಸವಾಗುತ್ತದೆ. ಕ್ಯೂಆರ್ ಕೋಡ್‌ಗೂ ಇದೇ ಮಾತು: ಸುತ್ತ ಉಬ್ಬಿದ ಚೌಕಟ್ಟು ಇಲ್ಲದಿದ್ದರೆ ಕಾಣದವರು ಅದನ್ನು ಪತ್ತೆಹಚ್ಚುವುದು ಹೇಗೆ?

ತಡವಾಗಿ ದೃಷ್ಟಿ ಕಳೆದುಕೊಂಡ ಅನೇಕರಿಗೆ ಬ್ರೈಲ್ ಬರುವುದಿಲ್ಲ. ಅವರಿಗೆ ಧ್ವನಿ ವಿವರಣೆ ಬೇಕು. ಮೊದಲು ಗಾತ್ರ ಮತ್ತು ಯಾವುದರಿಂದ ಮಾಡಿದ್ದು, ಆಮೇಲೆ ಭಂಗಿ, ಕೊನೆಗೆ ಸೂಕ್ಷ್ಮಗಳು. ಬರೀ 'ಬಲಗಡೆ' ಎಂದರೆ ಗೊಂದಲ, 'ಮೂರ್ತಿಯ ಬಲಗೈ' ಎನ್ನಬೇಕು.

ಎಲ್ಲಕ್ಕಿಂತ ಮಿಗಿಲು ಮುಟ್ಟುವ ಅವಕಾಶ. ಇಟಲಿಯ ಅಂಕೋನಾದಲ್ಲಿರುವ ಒಮೆರೊ ಸಂಗ್ರಹಾಲಯವನ್ನು 1993ರಲ್ಲಿ ಆರಂಭಿಸಿದ್ದೇ ಮುಟ್ಟಿ ನೋಡುವುದಕ್ಕಾಗಿ. ಅದರ ಹಿಂದಿದ್ದವರು ಅಂಧ ದಂಪತಿ. ಗಟ್ಟಿಮುಟ್ಟಾದ ಕಲ್ಲಿನ ಮೂಲಶಿಲ್ಪಗಳನ್ನು ಸಂರಕ್ಷಣಾ ತಜ್ಞರ ಒಪ್ಪಿಗೆ ಪಡೆದು, ಉಂಗುರ, ಬಳೆ ತೆಗೆಸಿ, ತೊಳೆದು ಒರೆಸಿದ ಕೈಯಿಂದ ಮುಟ್ಟಿಸಬಹುದು. ಬಟ್ಟೆ, ಚಿತ್ರಗಳಿಗೆ ಇದು ಸಲ್ಲ. ತ್ರೀಡಿ ಪ್ರಿಂಟ್ ಪ್ರತಿಕೃತಿ ಆಕಾರವನ್ನು ತಿಳಿಸುತ್ತದೆ, ಕಲ್ಲಿನ ತಣ್ಪು, ತರಿ, ತೂಕವನ್ನು ತಿಳಿಸದು. ಪಕ್ಕದಲ್ಲಿ ಅದೇ ಜಾತಿಯ ಕಲ್ಲಿನ ತುಂಡೊಂದನ್ನು ಇಟ್ಟರೆ ಎಷ್ಟೋ ವಾಸಿ. ಪ್ರತಿಕೃತಿ ಎರಡು ಕೈಗಳ ಹರವಿಗೆ ಸಿಗುವಷ್ಟಿರಲಿ, ಜಾರದಂತೆ ಮೇಜಿಗೆ ಭದ್ರವಾಗಿರಲಿ.

ಕಿವಿ ಕೇಳದವರಿಗಾಗಿ ಪ್ರತಿ ವಿಡಿಯೊಗೂ ಅಡಿಬರಹ ಮತ್ತು ಸಂಜ್ಞಾ ಭಾಷೆ ಇರಬೇಕು. ಗದ್ದಲ ಸಹಿಸಲಾಗದ ಆಟಿಸಂ ಇರುವವರಿಗೆ ವಾರದಲ್ಲಿ ಕೆಲವು ಗಂಟೆ ಧ್ವನಿ ತಗ್ಗಿಸಿದ ಹೊತ್ತು ಮೀಸಲಿಡುವುದಕ್ಕೆ ಖರ್ಚೇನೂ ಇಲ್ಲ.

ಟೆಂಡರ್ ಕರೆಯುವ ಮುನ್ನ ಪೆಟ್ಟಿಗೆ, ಫಲಕಗಳ ರಟ್ಟಿನ ಮಾದರಿಗಳನ್ನು ನಿಜವಾದ ಅಳತೆಯಲ್ಲೇ ಮಾಡಿ, ಗಾಲಿಕುರ್ಚಿ ಬಳಸುವವರು, ಅಂಧರು, ಕಿವುಡರನ್ನು ಕರೆಸಿ, ಅವರ ಸಮಯಕ್ಕೆ ಸಂಭಾವನೆ ಕೊಟ್ಟು ಪರೀಕ್ಷಿಸಬೇಕು. ರಟ್ಟನ್ನು ಕತ್ತರಿಸಿ ಸರಿಪಡಿಸಬಹುದು, ಗ್ರಾನೈಟನ್ನಲ್ಲ. ಆಮೇಲೂ ವಾರಕ್ಕೊಮ್ಮೆ ಒಂದು ಸುತ್ತು ಹೊಡೆದು ಲಿಫ್ಟ್ ನಡೆಯುತ್ತಿದೆಯೇ, ಅಂಗವಿಕಲರ ಶೌಚಾಲಯ ಬಕೆಟ್, ಪೊರಕೆಗಳ ಗೋದಾಮಾಗಿದೆಯೇ, ಎಳೆದರೆ ಸಹಾಯಕ್ಕೆ ಕರೆ ಹೋಗುವ ಅಲ್ಲಿನ ತುರ್ತು ದಾರವನ್ನು ಯಾರಾದರೂ ಮೇಲೆ ಸುತ್ತಿಟ್ಟಿದ್ದಾರೆಯೇ ಎಂದು ನೋಡಬೇಕು. ಬಿದ್ದವರ ಕೈಗೆ ಸಿಗುವಂತೆ ಆ ದಾರ ನೆಲದಿಂದ 10 ಸೆಂ.ಮೀ. ಎತ್ತರದವರೆಗೆ ಇಳಿಬಿದ್ದಿರಬೇಕು.

– ವಸ್ತುಸಂಗ್ರಹಾಲಯ ವಿನ್ಯಾಸ ಕ್ಷೇತ್ರದ ಕೆಲವರು